ಗದ್ದಲದ ಹಾಡು, ಹಾಲಿಲ್ಲದ ಕಾಫಿ: ಪಂಕ್‌ಗೂ ವೀಗನ್‌ಗೂ ಏನು ನಂಟು?

ಅಕ್ಕನ ಮಗ ಈ ಸಲ ರಜೆಗೆ ಬಂದಾಗ ಕಾಫಿ ಲೋಟವನ್ನು ಹಿಂದಕ್ಕೆ ಸರಿಸಿದ. ಕಾಫಿ ಬೇಕಂತೆ, ಹಾಲು ಬೇಡವಂತೆ. ಮಧ್ಯಾಹ್ನ ಮಜ್ಜಿಗೆಯೂ ಬೇಡ, ಅನ್ನದ ಮೇಲೆ ತುಪ್ಪವೂ ಬೇಡ. ನಮ್ಮದು ಮೊದಲೇ ಮೀನು, ಮಾಂಸ ಇಲ್ಲದ ಮನೆ. ಇನ್ನು ಬಿಡುವುದಕ್ಕೆ ಉಳಿದದ್ದಾದರೂ ಏನು ಅಂತ ಅಮ್ಮನಿಗೆ ದಿಗಿಲು. ಸಾಲದ್ದಕ್ಕೆ ಅವನ ಕೈ ಮೇಲೆ ಕಪ್ಪು ಮಾರ್ಕರಿನಲ್ಲಿ ಗೀಚಿದ ಎಕ್ಸ್ ಗುರುತು ಬೇರೆ. "ಯಾವ ಮಠ ಸೇರಿದೆಯೋ?" ಅಂತ ಅಮ್ಮ ಕೇಳಿದರು. "ಮಠ ಅಲ್ಲ ಅಜ್ಜಿ, ಪಂಕ್" ಅಂದ.

ಅಮ್ಮ ನನ್ನ ಮುಖ ನೋಡಿದರು. ಆ ಸಂಗೀತ ಒಂದಿಷ್ಟು ಕೇಳಿದವನು ನಾನೇ ಆದ್ದರಿಂದ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಅವತ್ತು ಅಡುಗೆಮನೆಯಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ನಮ್ಮ ಮನೆಯೊಂದರದ್ದೇ ಅಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮ ತಂದಿತು. ಪೊಟ್ಟಣಗಳ ಮೇಲೆ ಹಸಿರು ಚುಕ್ಕೆಯ ಜೊತೆಗೆ ಈಗ ಹಸಿರು ವಿ ಅಕ್ಷರದ ಗುರುತೂ ಕಾಣುತ್ತದೆ. ಆ ಪದ ನಮ್ಮ ಅಂಗಡಿಯವರೆಗೆ ಬಂದ ದಾರಿಗಳಲ್ಲಿ ಒಂದು, ನಂಬಿದರೆ ನಂಬಿ, ಕಿವಿಗಡಚಿಕ್ಕುವ ಗಿಟಾರಿನ ನಡುವೆ ಹಾದು ಬಂದಿದೆ.

ವೀಗನ್ ಅಂದರೆ ಏನೇನು ಬೇಡ?

ನಮ್ಮಲ್ಲಿ 'ವೆಜ್' ಅಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ. ಹಾಲು, ಮೊಸರು, ಬೆಣ್ಣೆ ಧಾರಾಳ. ವೀಗನ್ ಆದವರು ಇವನ್ನೂ ಬಿಡುತ್ತಾರೆ. ಜೇನುತುಪ್ಪವೂ ಇಲ್ಲ. ಊಟಕ್ಕೇ ನಿಲ್ಲುವ ವಿಷಯವೂ ಅಲ್ಲ ಇದು. ಚರ್ಮದ ಚಪ್ಪಲಿ, ಉಣ್ಣೆಯ ಸ್ವೆಟರ್, ರೇಷ್ಮೆ ಸೀರೆ ಎಲ್ಲವೂ ಪಟ್ಟಿಯಲ್ಲಿವೆ. ರೇಷ್ಮೆ ಯಾಕೆ ಅಂತ ರಾಮನಗರದ ಕಡೆಯವರಿಗೆ ಹೇಳಬೇಕಿಲ್ಲ. ನೂಲು ತೆಗೆಯಬೇಕಾದರೆ ಹುಳ ಒಳಗಿರುವಾಗಲೇ ಗೂಡನ್ನು ಬಿಸಿನೀರಿಗೆ ಹಾಕಬೇಕು.

ಹಾಲಿನ ವಿಷಯದಲ್ಲಿ ವೀಗನ್ನರ ವಾದ ಹೀಗಿದೆ. ಹಸು ಕರು ಹಾಕದೆ ಹಾಲು ಕೊಡುವುದಿಲ್ಲ. ದೊಡ್ಡ ಡೇರಿ ಫಾರಂಗಳಲ್ಲಿ ಕರುವನ್ನು ಹುಟ್ಟಿದ ಸ್ವಲ್ಪ ಹೊತ್ತಿಗೇ, ಇಲ್ಲವೆ ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರೆ ಮಾಡುತ್ತಾರೆ. ಗಂಡು ಕರುವಿನಿಂದ ಡೇರಿಗೆ ಲಾಭವಿಲ್ಲ, ಅದು ಹೋಗುವುದು ಮಾಂಸಕ್ಕೆ. ಹಾಗಾಗಿ ಹಾಲು ಮತ್ತು ಮಾಂಸ ಒಂದೇ ಕಾರ್ಖಾನೆಯ ಎರಡು ಬಾಗಿಲು ಎನ್ನುತ್ತಾರೆ ಅವರು. ಕರುವಿಗೆ ಮೊದಲು ಬಿಟ್ಟು ಆಮೇಲೆ ಕರೆಯುವ ಕೊಟ್ಟಿಗೆ ನೋಡಿ ಬೆಳೆದವರಿಗೆ ಈ ವಾದ ವಿಚಿತ್ರ ಅನಿಸಬಹುದು. ಆದರೆ ಇದು ಹುಟ್ಟಿದ್ದು ಆ ಕೊಟ್ಟಿಗೆಯನ್ನು ನೋಡಿ ಅಲ್ಲ, ಯುರೋಪು, ಅಮೆರಿಕದ ಫಾರಂಗಳನ್ನು ನೋಡಿ.

ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಮೇಷ್ಟರು ಕೆಲವು ಗೆಳೆಯರೊಡನೆ ವೀಗನ್ ಸೊಸೈಟಿ ಕಟ್ಟಿದರು. ಇಂಗ್ಲಿಷಿನ ವೆಜಿಟೇರಿಯನ್ ಪದದ ಮೊದಲ ಮೂರು ಮತ್ತು ಕೊನೆಯ ಎರಡು ಅಕ್ಷರ ಸೇರಿಸಿದರೆ ವೀಗನ್. ಸಂಘದ ಸುದ್ದಿಪತ್ರವನ್ನು ವಾಟ್ಸನ್ ತಾವೇ ಟೈಪ್ ಮಾಡಿ ಹಂಚುತ್ತಿದ್ದರು. ಈ ಸಣ್ಣ ವಿಷಯ ನೆನಪಿರಲಿ, ಮುಂದೆ ಪಂಕ್ ಹುಡುಗರೂ ಅದನ್ನೇ ಮಾಡುತ್ತಾರೆ.

ಪಂಕ್ ಅಂದರೆ?

ಬಣ್ಣ ಹಚ್ಚಿ ಮುಳ್ಳಿನ ಹಾಗೆ ನಿಲ್ಲಿಸಿದ ಕೂದಲು, ಹರಿದ ಬಟ್ಟೆ, ಕಿರುಚಾಟ. ದೂರದಿಂದ ಕಾಣುವುದು ಇಷ್ಟೇ. 1970ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಇದು ಶುರುವಾಯಿತು. ರಮೋನ್ಸ್, ಸೆಕ್ಸ್ ಪಿಸ್ಟಲ್ಸ್ ಹೆಸರು ನೀವು ಕೇಳಿರಬಹುದು. ಹಾಡುಗಳು ಚಿಕ್ಕವು, ವೇಗದವು, ನುಡಿಸಲು ಸುಲಭ.

ಈ ಸುಲಭ ಅನ್ನುವುದೇ ಮುಖ್ಯ. ಆಗಿನ ರಾಕ್ ಸಂಗೀತ ಶಾಸ್ತ್ರೀಯ ಕಛೇರಿಯ ಥರ ಆಗಿಬಿಟ್ಟಿತ್ತು. ವರ್ಷಗಟ್ಟಲೆ ಸಾಧನೆ ಬೇಕು, ದುಬಾರಿ ವಾದ್ಯ ಬೇಕು, ದೊಡ್ಡ ಕಂಪನಿ ಬೆನ್ನಿಗಿರಬೇಕು. ಪಂಕ್ ಊರ ಭಜನಾ ಮಂಡಳಿಯ ಹಾಗೆ. ತಾಳ ಬಡಿಯಲು ಬಂದರೆ ಸಾಕು, ಬಂದು ಕೂತುಕೋ. 1977ರಲ್ಲಿ ಇಂಗ್ಲೆಂಡಿನ ಒಂದು ಕೈಬರಹದ ಪತ್ರಿಕೆ ಗಿಟಾರಿನ ಮೂರು ಕಾರ್ಡ್‌ಗಳ, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳ, ಚಿತ್ರ ಬರೆದು, ಇನ್ನು ಬ್ಯಾಂಡ್ ಕಟ್ಟು ಎಂದು ಓದುಗರಿಗೆ ಹೇಳಿತ್ತು.

ಇದಕ್ಕೆ ಅವರ ಮಾತಿನಲ್ಲಿ 'ಡಿಐವೈ' ಎನ್ನುತ್ತಾರೆ. ಯಾರಿಗೂ ಕಾಯಬೇಡ, ನೀನೇ ಮಾಡ್ಕೋ ಅಂತ ಅರ್ಥ. ರೆಕಾರ್ಡು ನೀನೇ ಹೊರತರು, ಕಾರ್ಯಕ್ರಮ ನೀನೇ ಏರ್ಪಡಿಸು, ಪತ್ರಿಕೆ ನೀನೇ ಜೆರಾಕ್ಸ್ ಮಾಡಿ ಪಿನ್ ಹೊಡೆ. ಇಂಥ ಪತ್ರಿಕೆಗಳಿಗೆ 'ಝೀನ್' ಎಂದು ಹೆಸರು. ನಮ್ಮ ಕಾಲೇಜುಗಳಲ್ಲಿ ಕೈಬರಹದ ಪತ್ರಿಕೆ ತರುತ್ತಿದ್ದವರಿಗೆ ಇದರ ಖುಷಿ ಚೆನ್ನಾಗಿ ಅರ್ಥವಾಗುತ್ತದೆ.

ಎಸೆಕ್ಸಿನ ಹಳೇ ಮನೆ

ಮೊದಲ ಅಲೆಯ ಪಂಕ್‌ಗೂ ಪ್ರಾಣಿಗಳಿಗೂ ಏನೂ ಸಂಬಂಧ ಇರಲಿಲ್ಲ. ಸಂಬಂಧ ಬೆಸೆದದ್ದು ಅದರ ಎರಡನೇ ತಲೆಮಾರು, ಅನಾರ್ಕೋ ಪಂಕ್. ಸರ್ಕಾರ, ಸೈನ್ಯ, ಕಂಪನಿ, ಚರ್ಚು ಹೀಗೆ ಮೇಲೆ ಕೂತು ಆಳುವ ಯಾವುದೂ ಬೇಡ ಎನ್ನುವವರ ಪಂಕ್ ಅದು. ಅದರ ನಡುಮನೆ ಕ್ರಾಸ್ ಎಂಬ ಬ್ಯಾಂಡು.

ಕ್ರಾಸ್ 1977ರಲ್ಲಿ ಶುರುವಾಯಿತು. ಲಂಡನ್ನಿನ ಹೊರಗೆ, ಎಸೆಕ್ಸಿನ ಹಳ್ಳಿಗಾಡಿನಲ್ಲಿ ಡಯಲ್ ಹೌಸ್ ಎಂಬ ಹಳೆಯ ಮನೆ ಅವರ ಠಿಕಾಣಿ. ಬಾಗಿಲು ಎಲ್ಲರಿಗೂ ತೆರೆದಿತ್ತು. ಹಿತ್ತಲಲ್ಲಿ ತರಕಾರಿ ಬೆಳೆಯುತ್ತಿದ್ದರು, ಮಾಂಸವಿಲ್ಲದ ಅಡುಗೆ ಮಾಡುತ್ತಿದ್ದರು. ತಮ್ಮ ರೆಕಾರ್ಡಿನ ಮೇಲೆ ಬೆಲೆಯನ್ನು ತಾವೇ ಅಚ್ಚು ಹಾಕಿಸಿ, ಇದಕ್ಕಿಂತ ಜಾಸ್ತಿ ಕೊಡಬೇಡಿ ಎಂದು ಬರೆಯುತ್ತಿದ್ದರು. 1979ರ ಒಂದು ರೆಕಾರ್ಡಿನ ಮೇಲೆ ಇದ್ದದ್ದು 45 ಪೆನ್ಸ್. ನಮ್ಮ ಬಿಸ್ಕತ್ತಿನ ಪೊಟ್ಟಣದ ಎಂಆರ್‌ಪಿ ಇದ್ದ ಹಾಗೆ, ಆದರೆ ಯಾವ ಕಾನೂನೂ ಹೇಳದೆ.

ಈ ಬೆಲೆಯ ವಿಷಯದಲ್ಲೇ ಇಡೀ ಕಥೆಯ ಬೀಜ ಇದೆ ಅಂತ ನನಗನಿಸುತ್ತದೆ. ದುಡ್ಡು ಕೊಟ್ಟು ಕೊಂಡರೆ ನೀನೂ ಅದರಲ್ಲಿ ಪಾಲುದಾರ. ಹಾಡಿನ ವ್ಯಾಪಾರಕ್ಕೆ ಅನ್ವಯಿಸಿದ ಈ ಮಾತನ್ನು ತಟ್ಟೆಗೂ ಅನ್ವಯಿಸಲು ಎಷ್ಟು ಹೊತ್ತು ಬೇಕು? ಯುದ್ಧ ಬೇಡ, ಹಿಂಸೆ ಬೇಡ, ಬಲವಂತ ಬೇಡ ಎಂದು ವೇದಿಕೆ ಮೇಲೆ ಕಿರುಚಿ, ಕೆಳಗಿಳಿದು ಬರ್ಗರ್ ತಿಂದರೆ ಪ್ರೇಕ್ಷಕರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕಾಲವೂ ಕೂಡಿ ಬಂದಿತ್ತು. ಪೀಟರ್ ಸಿಂಗರ್ ಎಂಬ ತತ್ವಶಾಸ್ತ್ರಜ್ಞರು ಪ್ರಾಣಿಗಳ ಪರವಾಗಿ ಬರೆದ ಪುಸ್ತಕ 1975ರಲ್ಲಿ ಬಂದಿತ್ತು. 1976ರಲ್ಲಿ ಬ್ರಿಟನ್ನಿನಲ್ಲಿ ಅನಿಮಲ್ ಲಿಬರೇಶನ್ ಫ್ರಂಟ್ ಹುಟ್ಟಿತು. ಪ್ರಯೋಗಾಲಯಗಳಿಗೆ ರಾತ್ರಿ ನುಗ್ಗಿ ಪ್ರಾಣಿಗಳನ್ನು ಬಿಡಿಸಿಕೊಂಡು ಹೋಗುವ ಗುಪ್ತ ಗುಂಪುಗಳು ಈ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದವು. ನರಿ ಬೇಟೆಗೆ ಅಡ್ಡಿ ಮಾಡುವವರ ಸಂಘ ಅದಕ್ಕೂ ಹಳೆಯದು.

1981ರಲ್ಲಿ ಫ್ಲಕ್ಸ್ ಆಫ್ ಪಿಂಕ್ ಇಂಡಿಯನ್ಸ್ ಎಂಬ ಬ್ಯಾಂಡು ತನ್ನ ಮೊದಲ ರೆಕಾರ್ಡಿನಲ್ಲೇ ಕಟುಕರ ಕೆಲಸದ ಬಗ್ಗೆ ಹಾಡಿತು. 1983ರಲ್ಲಿ ಲಂಡನ್ನಿನ ಕಾನ್‌ಫ್ಲಿಕ್ಟ್ ತಂಡ ಒಂದು ರೆಕಾರ್ಡು ತಂದಿತು. ಅದರ ಹೆಸರಿನ ಅರ್ಥ, 'ಪ್ರಾಣಿಪ್ರಿಯರ ದೇಶಕ್ಕೆ'. ತಮ್ಮದು ಪ್ರಾಣಿಗಳನ್ನು ಪ್ರೀತಿಸುವ ದೇಶ ಅಂತ ಇಂಗ್ಲಿಷರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾಯಿಗೆ ಮುದ್ದು, ಹಂದಿಗೆ ಚೂರಿ ಎಂಬುದನ್ನು ಆ ಹೆಸರು ಚುಚ್ಚಿ ತೋರಿಸಿತು.

ಇದು ಹುಡುಗರಿಗೆ ತಲುಪುತ್ತಿದ್ದ ಬಗೆಯೂ ಗಮನಿಸಬೇಕಾದ್ದು. ರೆಕಾರ್ಡಿನ ಹೊದಿಕೆ ಬಿಚ್ಚಿದರೆ ಒಳಗೆ ದೊಡ್ಡ ಹಾಳೆ. ಅದರಲ್ಲಿ ಕಸಾಯಿಖಾನೆಯ, ಪ್ರಾಣಿಪ್ರಯೋಗದ ಚಿತ್ರಗಳು, ಉದ್ದುದ್ದ ಲೇಖನ, ಪತ್ರ ಬರೆಯಲು ವಿಳಾಸ. ಇಂಟರ್ನೆಟ್ ಇಲ್ಲದ ಕಾಲ. ಹದಿನೈದು ವರ್ಷದ ಹುಡುಗಿಗೆ ಶಾಲೆಯಲ್ಲಾಗಲಿ ಟಿವಿಯಲ್ಲಾಗಲಿ ಸಿಗದ ವಿಷಯ ಹಾಡಿನ ಹೊದಿಕೆಯಲ್ಲಿ ಸಿಗುತ್ತಿತ್ತು.

ಒಂದೇ ತಟ್ಟೆ, ಎರಡು ಅರ್ಥ

ನಮ್ಮ ಕಡೆಯವರು ಎಡವುವುದು ಇಲ್ಲೇ. ನಮ್ಮಲ್ಲಿ ಮಾಂಸ ತಿನ್ನದಿರುವುದು ಹೆಚ್ಚಾಗಿ ಮನೆಯಿಂದ, ಜಾತಿಯಿಂದ, ಹಿರಿಯರಿಂದ ಬಂದ ವಿಷಯ. ಅದು ಮಾತು ಕೇಳುವ ಮಗನ ಲಕ್ಷಣ. ಕದ್ದು ಮೊಟ್ಟೆ ತಿಂದವನೇ ನಮ್ಮ ಬಂಡಾಯಗಾರ, ಅಲ್ವಾ?

ಇಂಗ್ಲೆಂಡಿನಲ್ಲಿ ಇದು ತಿರುವುಮುರುವು. ಭಾನುವಾರ ಮಧ್ಯಾಹ್ನ ಇಡೀ ಕುಟುಂಬ ಕೂತು ಹುರಿದ ಮಾಂಸ ತಿನ್ನುವುದು ಅಲ್ಲಿನ ಸಂಪ್ರದಾಯ. ಆ ಮೇಜಿನ ಮುಂದೆ ಕೂತು, ನಾನು ಇದನ್ನು ತಿನ್ನಲ್ಲ ಅಂದರೆ ಅಪ್ಪನಿಗೆ, ಅಜ್ಜನಿಗೆ, ಇಡೀ ಪದ್ಧತಿಗೆ ಎದುರಾಡಿದ ಹಾಗೆ. ವೋಟು ಹಾಕುವ ವಯಸ್ಸಾಗದ, ಕಿಸೆಯಲ್ಲಿ ಕಾಸಿಲ್ಲದ ಹುಡುಗರು ದಿನಕ್ಕೆ ಮೂರು ಸಲ ಮಾಡಬಹುದಾದ ಬಂಡಾಯ ಅದು. ನಮ್ಮ ಅಳಿಯನದ್ದು ಎರಡೂ ಅಲ್ಲದ ಮೂರನೇ ಥರ. ಹಿರಿಯರ ಊಟದಿಂದಲೂ ಒಂದು ಹೆಜ್ಜೆ ಆಚೆ ಹೋಗಿ ಮಜ್ಜಿಗೆಗೆ ಎದುರಾಡಿದ್ದಾನೆ.

ಕೈ ಮೇಲಿನ ಎಕ್ಸ್

ಈಗ ಅಮೆರಿಕಕ್ಕೆ ಹೋಗೋಣ. 1980ರ ಹೊತ್ತಿಗೆ ಅಲ್ಲಿ ಪಂಕ್ ಇನ್ನೂ ವೇಗವಾಗಿ, ಇನ್ನೂ ಗಡುಸಾಗಿ 'ಹಾರ್ಡ್‌ಕೋರ್' ಎಂಬ ಹೆಸರು ಪಡೆದಿತ್ತು. ವಾಷಿಂಗ್ಟನ್ನಿನ ಟೀನ್ ಐಡಲ್ಸ್ ತಂಡದ ಹುಡುಗರಿಗೆ ಕುಡಿಯುವ ವಯಸ್ಸಾಗಿರಲಿಲ್ಲ. ಮದ್ಯ ಮಾರುವ ಕ್ಲಬ್ಬುಗಳಲ್ಲೇ ಕಾರ್ಯಕ್ರಮ, ಆದರೆ ವಯಸ್ಸಾಗದವರಿಗೆ ಪ್ರವೇಶವಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕ್ಲಬ್ಬಿನವರು ಉಪಾಯ ಮಾಡಿದ್ದರು. ಇಂಥವರ ಕೈ ಮೇಲೆ ದೊಡ್ಡದಾಗಿ ಎಕ್ಸ್ ಬರೆದು ಒಳಗೆ ಬಿಡುವುದು. ಆ ಗುರುತು ಕಂಡರೆ ಬಾರಿನವನು ಮದ್ಯ ಕೊಡುವುದಿಲ್ಲ. ಟೀನ್ ಐಡಲ್ಸ್ ಈ ಉಪಾಯವನ್ನು ಊರಿಗೆ ಹೊತ್ತು ತಂದರು. ತಮ್ಮ ರೆಕಾರ್ಡಿನ ಮುಖಪುಟಕ್ಕೆ ಎಕ್ಸ್ ಬರೆದ ಕೈಗಳ ಚಿತ್ರವನ್ನೇ ಹಾಕಿದರು.

ನಿನಗೆ ಇದು ಸಿಗಲ್ಲ ಎಂಬ ಗುರುತು ಹೀಗೆ ನನಗೆ ಇದು ಬೇಡ ಎಂಬ ಗುರುತಾಯಿತು. ಅದೇ ತಂಡದ ಇಯಾನ್ ಮಕಾಯ್ ಮುಂದೆ ಮೈನರ್ ಥ್ರೆಟ್ ಕಟ್ಟಿದರು. 1981ರಲ್ಲಿ ಒಂದು ನಿಮಿಷವೂ ಇಲ್ಲದ ಹಾಡೊಂದರಲ್ಲಿ, ಕುಡಿತವೂ ನಶೆಯೂ ಬೇಡ, ತಲೆ ನೆಟ್ಟಗಿರುವುದೇ ನನ್ನ ಬಲ ಎಂಬರ್ಥದ ಮಾತು ಹೇಳಿದರು. ಹಾಡಿನ ಹೆಸರು 'ಸ್ಟ್ರೇಟ್ ಎಡ್ಜ್', ಅಂದರೆ ಅಳತೆಪಟ್ಟಿಯ ಹಾಗೆ ನೇರವಾದ ಅಂಚು. ಮಕಾಯ್ ತಾನು ಯಾವ ಚಳವಳಿಯನ್ನೂ ಶುರು ಮಾಡಲು ಹೊರಟಿರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದ್ದಾರೆ. ಕೇಳಿದವರು ಕೇಳಲಿಲ್ಲ.

ಮದ್ಯದಿಂದ ಮಾಂಸಕ್ಕೆ ಹೆಜ್ಜೆ ಇಟ್ಟದ್ದು ಯೂತ್ ಆಫ್ ಟುಡೇ ಎಂಬ ತಂಡ. ಹಾಡುಗಾರ ರೇ ಕ್ಯಾಪೊ. 1988ರ ಆಲ್ಬಂನ ಒಂದು ಹಾಡಿನಲ್ಲಿ ಮಾಂಸ ಸಾಕು ಎಂದು ನೇರವಾಗಿ ಹಾಡಿದರು. ಮೈಗೆ ಏನು ಹಾಕಿಕೊಳ್ಳುತ್ತೇನೆ ಎಂಬುದು ನನ್ನ ಹತೋಟಿಯಲ್ಲಿರಬೇಕು ಎಂದ ಮೇಲೆ ಗ್ಲಾಸಿನಲ್ಲಿರುವುದನ್ನು ಮಾತ್ರ ಕೇಳಿ ತಟ್ಟೆಯಲ್ಲಿರುವುದನ್ನು ಬಿಡುವುದು ಹೇಗೆ? ಅಲ್ಲಿಂದ ಮುಂದೆ ಎಷ್ಟೋ ಹುಡುಗರಿಗೆ ಕೈ ಮೇಲಿನ ಎಕ್ಸ್ ಮದ್ಯವೂ ಬೇಡ, ಮಾಂಸವೂ ಬೇಡ ಎನ್ನುವ ಗುರುತಾಯಿತು.

ನಡುವೆ ಬೆಣ್ಣೆ ಕಳ್ಳ ಬಂದ

ಅಮ್ಮನ ಮಠದ ಪ್ರಶ್ನೆ ಪೂರ್ತಿ ತಪ್ಪೇನಲ್ಲ. ಸ್ವಾಮಿ ಪ್ರಭುಪಾದರು 1966ರಲ್ಲಿ ಇಸ್ಕಾನ್ ಸ್ಥಾಪಿಸಿದ್ದು ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನ ಒಂದು ಪುಟ್ಟ ಅಂಗಡಿ ಮಳಿಗೆಯಲ್ಲಿ. ಮುಂದೆ ಪಂಕ್ ಬೆಳೆದ ಸಿಬಿಜಿಬಿ ಕ್ಲಬ್ಬು ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರವಿತ್ತು. ಆಗ ಅದು ಬಡವರ, ಪಾಳುಬಿದ್ದ ಕಟ್ಟಡಗಳ ಬಡಾವಣೆ. ಮನೆ ಬಿಟ್ಟು ಬಂದ ಪಂಕ್ ಹುಡುಗರಿಗೆ ಹಸಿವು. ಕೃಷ್ಣಭಕ್ತರು ಬಿಸಿ ಪ್ರಸಾದವನ್ನು ಬಿಟ್ಟಿ ಬಡಿಸುತ್ತಿದ್ದರು. ಮೊದಲು ಊಟ, ಆಮೇಲೆ ಮಾತು.

ಕ್ರೋ-ಮ್ಯಾಗ್ಸ್ ತಂಡದ 1986ರ ಆಲ್ಬಂ ಹಾರ್ಡ್‌ಕೋರ್ ಕೇಳುವವರಿಗೆ ಬಾಯಿಪಾಠ. ಅದರ ಹೆಸರು 'ದಿ ಏಜ್ ಆಫ್ ಕ್ವಾರೆಲ್', ಜಗಳದ ಯುಗ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೀದಾ ಕಲಿಯುಗ! ಮೈತುಂಬ ಹಚ್ಚೆಯ ಹುಡುಗರು ಕಲಿಯುಗದ ಬಗ್ಗೆ ಅರಚುತ್ತಿದ್ದರು. ರೇ ಕ್ಯಾಪೊ ಕೂಡ ಕೃಷ್ಣಭಕ್ತರಾಗಿ ಶೆಲ್ಟರ್ ಎಂಬ ತಂಡ ಕಟ್ಟಿದರು. ಇನ್ನೊಂದು ತಂಡದ ಹೆಸರು '108', ಜಪಮಾಲೆಯ ಮಣಿಗಳ ಲೆಕ್ಕ. ಈ ಬಗೆಯ ಸಂಗೀತಕ್ಕೆ 'ಕೃಷ್ಣಕೋರ್' ಎಂದೇ ಹೆಸರು ಬಿತ್ತು.

ಜಗಳ ಬಂದದ್ದು ಹಾಲಿನ ಹತ್ತಿರ. ಕೃಷ್ಣನಿಗೆ ಬೆಣ್ಣೆ ಇಲ್ಲದೆ ನಡೆಯುತ್ತದೆಯೇ? ಭಕ್ತರಿಗೆ ಹಾಲು ಪವಿತ್ರ, ವೀಗನ್ನರಿಗೆ ಅದು ಶೋಷಣೆ. 1990ರ ದಶಕದ ಝೀನ್‌ಗಳಲ್ಲಿ ಈ ವಾದ ಪುಟಗಟ್ಟಲೆ ನಡೆಯಿತು. ನಮ್ಮ ಊಟದ ಮನೆಯಲ್ಲಿ ಅಮ್ಮ ಮತ್ತು ಮೊಮ್ಮಗ ಆಡಿದ್ದೂ ಸುಮಾರು ಅದನ್ನೇ.

ಬಿಗಿಯಾದ ಮುಷ್ಟಿ

1990ರ ದಶಕದಲ್ಲಿ ವೀಗನ್ ಸ್ಟ್ರೇಟ್ ಎಡ್ಜ್‌ನ ದೊಡ್ಡ ಹೆಸರು ಅರ್ತ್ ಕ್ರೈಸಿಸ್. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಿನವರು. ಹಾರ್ಡ್‌ಕೋರಿಗೆ ಹೆವಿ ಮೆಟಲ್ ಎಂಬ ಗಡುಸು ರಾಕ್ ಸಂಗೀತದ ಭಾರ ಬೆರೆಸಿದರು. ಪ್ರಾಣಿ, ಕಾಡು, ಭೂಮಿ ಎಲ್ಲವೂ ಒಂದೇ ಹೋರಾಟ ಎಂದರು. 1995ರ ಅವರ ಆಲ್ಬಂ ಕೇಳಿ ಹಾಲು ಬಿಟ್ಟವರು ಅಮೆರಿಕದಲ್ಲಿ, ಯುರೋಪಿನಲ್ಲಿ ಬಹಳ ಮಂದಿ.

ಈ ಬಿಗಿ ಕೆಲವು ಕಡೆ ಮಿತಿಮೀರಿತು. ಕ್ಯಾಲಿಫೋರ್ನಿಯಾದ ವೀಗನ್ ರೈಶ್ ತಂಡದ ಸುತ್ತ 'ಹಾರ್ಡ್‌ಲೈನ್' ಎಂಬ ಗುಂಪು ಬೆಳೆಯಿತು. ಅವರು ಗರ್ಭಪಾತವನ್ನೂ ಸಲಿಂಗ ಸಂಬಂಧವನ್ನೂ ವಿರೋಧಿಸಿದರು. ಹೆಚ್ಚಿನ ಪಂಕ್‌ಗಳು ಇವರಿಂದ ದೂರ ಸರಿದರು. ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಂತೂ ಪೊಲೀಸರು ಸ್ಟ್ರೇಟ್ ಎಡ್ಜ್ ಹುಡುಗರನ್ನು ರೌಡಿ ಗ್ಯಾಂಗಿನ ಪಟ್ಟಿಗೆ ಸೇರಿಸಿದರು. 1997ರಲ್ಲಿ ಅಲ್ಲಿಗೆ ಹತ್ತಿರದ ಸ್ಯಾಂಡಿಯಲ್ಲಿ, ತುಪ್ಪಳಕ್ಕಾಗಿ ಪ್ರಾಣಿ ಸಾಕುವವರ ಸಹಕಾರಿ ಸಂಘದ ಮೇಲೆ ಬಾಂಬ್ ದಾಳಿಯಾಯಿತು. ಕುಡಿಯದ, ಸೇದದ, ಮಾಂಸ ತಿನ್ನದ ಹುಡುಗರ ಮೇಲೆ ಪೊಲೀಸರ ಕಣ್ಣು!

ಇದಕ್ಕೆ ಬೇರೆಯದೇ ದಾರಿ ಹಿಡಿದವರು ಕೆನಡಾದ ಪ್ರೊಪಗಾಂಧಿ. ಆ ಹೆಸರಿನೊಳಗೆ ಗಾಂಧಿ ಇದ್ದಾರೆ, ಗಮನಿಸಿ. 1996ರ ಅವರ ಆಲ್ಬಂನ ಮೇಲೆ ನಾಲ್ಕು ಮಾತು ಅಚ್ಚಾಗಿದ್ದವು: ಪ್ರಾಣಿಗಳ ಗೆಳೆಯರು, ಫ್ಯಾಸಿಸಂ ವಿರೋಧಿಗಳು, ಸಲಿಂಗಿಗಳ ಪರ, ಸ್ತ್ರೀವಾದದ ಪರ. ನಾಲ್ಕನ್ನೂ ಒಟ್ಟಿಗೆ ತೆಗೆದುಕೊಳ್ಳಿ, ಒಂದನ್ನೇ ಆರಿಸಿಕೊಂಡು ಹೋಗಬೇಡಿ ಎಂಬ ಧಾಟಿ.

ಅಡುಗೆಮನೆಯ ಲೆಕ್ಕ

ತತ್ವ ಒಂದೇ ಕಾರಣ ಅಂದುಕೊಂಡರೆ ಅರ್ಧ ಕಥೆ ಬಿಟ್ಟ ಹಾಗೆ. ಇನ್ನರ್ಧ ಸುಮ್ನೆ ಖರ್ಚಿನ ಲೆಕ್ಕ. ಬ್ಯಾಂಡಿನ ಐದು ಜನ ಒಂದು ಹಳೇ ವ್ಯಾನಿನಲ್ಲಿ ಬಂದಿಳಿಯುತ್ತಾರೆ. ಕಾರ್ಯಕ್ರಮ ನಡೆಸುವವರ ಕೈಯಲ್ಲಿ ದುಡ್ಡಿಲ್ಲ. ಅಕ್ಕಿ, ಕಾಳು, ತರಕಾರಿ ಹಾಕಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿದರೆ ಬ್ಯಾಂಡಿಗೂ ಆಯಿತು, ಮೂಲೆಯಲ್ಲಿ ಕೂತವರಿಗೂ ಆಯಿತು. ವೀಗನ್ ಅಡುಗೆಯನ್ನು ಮುಸ್ಲಿಮರು, ಯಹೂದಿಗಳು, ಹಾಲು ಅರಗದವರು ಎಲ್ಲರೂ ಉಣ್ಣಬಹುದು. ಬೇಗ ಹಳಸುವ ಮಾಂಸದ ಚಿಂತೆಯೂ ಇಲ್ಲ.

ಈ ಲೆಕ್ಕವನ್ನು ಬೀದಿಗೆ ತಂದದ್ದು 'ಫುಡ್ ನಾಟ್ ಬಾಂಬ್ಸ್', ಅಂದರೆ ಬಾಂಬಲ್ಲ, ಊಟ. 1980ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಣುಶಕ್ತಿ ವಿರೋಧಿಗಳು ಇದನ್ನು ಶುರು ಮಾಡಿದರು. ಅಂಗಡಿಗಳು ಎಸೆಯುವ, ಆದರೆ ಚೆನ್ನಾಗಿಯೇ ಇರುವ ತರಕಾರಿ ತಂದು, ಬೇಯಿಸಿ, ಪಾರ್ಕಿನಲ್ಲಿ ಬಡಿಸುವುದು. ದುಡ್ಡಿಲ್ಲ, ಉಪದೇಶವಿಲ್ಲ. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅನುಮತಿ ಇಲ್ಲದೆ ಊಟ ಬಡಿಸಿದ್ದಕ್ಕೆ ಇವರನ್ನು ಪೊಲೀಸರು ಹಿಡಿದೊಯ್ದರು. ದೇಶ ದೇಶಗಳಿಗೆ ಈ ಪಾತ್ರೆ ಹೊತ್ತು ಹೋದವರಲ್ಲಿ ಪಂಕ್‌ಗಳು ಬಹಳ. ಬ್ರೆಜಿಲ್ಲಿನ ಸಾವೊ ಪಾವ್ಲೊದಲ್ಲಿ 1996ರಿಂದ ವೆರ್ದುರಾದ ಎಂಬ ಹಾರ್ಡ್‌ಕೋರ್ ಮೇಳ ನಡೆದುಬಂದಿದೆ. ಹಾಡು, ಭಾಷಣ ಮುಗಿದ ಮೇಲೆ ಎಲ್ಲರಿಗೂ ಮಾಂಸವಿಲ್ಲದ ಊಟ. ನಮ್ಮ ಜಾತ್ರೆಯ ಅನ್ನಸಂತರ್ಪಣೆ ನೆನಪಾಗುತ್ತದೆ.

ಅಂಗಡಿಯಲ್ಲಿ ವೀಗನ್ ಎಂದು ಬರೆದ ಒಂದು ಡಬ್ಬಿಯೂ ಸಿಗದ ಕಾಲ ಅದು. ಹಾಲಿಲ್ಲದೆ ಕೇಕ್ ಉಬ್ಬಿಸುವುದು ಹೇಗೆ, ಸೋಯಾದಿಂದ ಮಾಡುವ ಪನೀರಿನಂಥ ತೋಫು ಹುರಿಯುವುದು ಹೇಗೆ ಎಂಬುದನ್ನೆಲ್ಲ ಹುಡುಗ ಹುಡುಗಿಯರು ಝೀನ್‌ಗಳಲ್ಲಿ ಬರೆದು ಹಂಚಿಕೊಂಡರು. ಅಲ್ಲಿಂದ ಬಂದವರೇ ಬ್ರೂಕ್ಲಿನ್ನಿನ ಈಸಾ ಚಂದ್ರ ಮಾಸ್ಕೊವಿಟ್ಜ್. 2003ರಲ್ಲಿ ಸ್ಥಳೀಯ ಟಿವಿಯಲ್ಲಿ 'ಪೋಸ್ಟ್ ಪಂಕ್ ಕಿಚನ್' ಎಂಬ ಅಡುಗೆ ಕಾರ್ಯಕ್ರಮ ಶುರು ಮಾಡಿದರು. 2005ರಲ್ಲಿ ಬಂದ ಅವರ ವೀಗನ್ ಅಡುಗೆ ಪುಸ್ತಕ ಪಂಕ್ ಕೇಳದವರ ಅಡುಗೆಮನೆಗೂ ಹೋಯಿತು. ಮುದ್ದೆ, ಹುರುಳಿ ಸಾರು, ಚಿತ್ರಾನ್ನ, ಪುಳಿಯೋಗರೆ ಇರುವ ನಾಡಿನವರಿಗೆ ಇಷ್ಟು ಒದ್ದಾಟ ಯಾಕೆ ಅನಿಸಬಹುದು. ತುಪ್ಪ ಹಾಕದಿದ್ದರೆ ಅವೆಲ್ಲ ವೀಗನ್ನೇ. ಅಮ್ಮನಿಗೆ ನಾನು ಇದನ್ನು ಹೇಳಿದ ಮೇಲೇ ಅಳಿಯನಿಗೆ ನೆಮ್ಮದಿಯ ಊಟ ಸಿಕ್ಕಿದ್ದು.

ಹಾಗಾದರೆ ಆ ಚರ್ಮದ ಜಾಕೆಟ್?

ಒಳ್ಳೆಯ ಪ್ರಶ್ನೆ. ಪಂಕ್ ಅಂದಕೂಡಲೇ ಕಣ್ಮುಂದೆ ಬರುವುದೇ ಮೊಳೆ ಹೊಡೆದ ಚರ್ಮದ ಜಾಕೆಟ್ಟು, ಡಾಕ್ಟರ್ ಮಾರ್ಟೆನ್ಸ್ ಬೂಟು. ಪ್ರಾಣಿಗಳ ಪರ ಹಾಡುವವರ ಮೈಮೇಲೆ ಹಸುವಿನ ಚರ್ಮ! ಕೆಲವರು ಡೆನಿಮ್, ಕ್ಯಾನ್ವಾಸಿಗೆ ಬದಲಾದರು. ಕೆಲವರು ಹಳೇ ಬಟ್ಟೆ ಅಂಗಡಿಯಲ್ಲಿ ಕೊಂಡ ಜಾಕೆಟ್ಟಿಗೆ ದೋಷವಿಲ್ಲ ಎಂದರು, ಯಾಕೆಂದರೆ ಆ ದುಡ್ಡು ಚರ್ಮದ ಕಂಪನಿಗೆ ಹೋಗುವುದಿಲ್ಲ. ಇನ್ನು ಕೆಲವರು ಅದನ್ನೂ ಒಪ್ಪಲಿಲ್ಲ. ಈ ಥರ ತಪ್ಪು ಹಿಡಿಯುತ್ತ ತಿರುಗುವವರಿಗೆ ಒಳಗಿನವರೇ 'ವೀಗನ್ ಪೊಲೀಸ್' ಎಂದು ತಮಾಷೆಯ ಹೆಸರಿಟ್ಟಿದ್ದಾರೆ. 1990ರಲ್ಲಿ ಬ್ರೈಟನ್ನಿನಲ್ಲಿ ವೆಜಿಟೇರಿಯನ್ ಶೂಸ್ ಎಂಬ ಅಂಗಡಿ ಚರ್ಮವಿಲ್ಲದ ಬೂಟು ಮಾರತೊಡಗಿತು. 2011ರಲ್ಲಿ ಡಾಕ್ಟರ್ ಮಾರ್ಟೆನ್ಸ್ ಕಂಪನಿಯೇ ವೀಗನ್ ಬೂಟು ತಂದಿತು.

ಎಲ್ಲ ಪಂಕ್‌ಗಳೂ ವೀಗನ್ ಅಲ್ಲ, ಇದನ್ನೂ ಹೇಳಿಬಿಡಬೇಕು. ಮಾಂಸ ತಿನ್ನುವ, ಕುಡಿಯುವ ಪಂಕ್‌ಗಳು ಎಲ್ಲೆಲ್ಲೂ ಇದ್ದಾರೆ. ಇತ್ತ ವೀಗನ್ ಆದವರಲ್ಲಿ ಹೆಚ್ಚಿನವರು ಪಂಕ್ ಹಾಡು ಕೇಳಿದವರೇ ಅಲ್ಲ.

ಗೆದ್ದದ್ದು ಯಾರು?

ಈಗಿನ ಜಗಳ ಬೇರೆ. 2019ರಲ್ಲಿ ಅಮೆರಿಕದ ಬರ್ಗರ್ ಕಿಂಗ್ ಸಸ್ಯದಿಂದ ಮಾಡಿದ ಬರ್ಗರನ್ನು ದೇಶದುದ್ದಕ್ಕೂ ಮಾರಲು ಶುರು ಮಾಡಿತು. ಪ್ರಾಣಿಗಳಷ್ಟೇ ಮುಖ್ಯ ಎನ್ನುವವರಿಗೆ ಇದು ಗೆಲುವು. ಒಂದು ಬರ್ಗರ್ ಬದಲಾದರೂ ಅಷ್ಟು ಮಾಂಸ ಕಡಿಮೆಯಾಯಿತಲ್ಲ ಎನ್ನುತ್ತಾರೆ. 45 ಪೆನ್ಸ್ ಅಚ್ಚು ಹಾಕಿಸಿದವರ ದಾರಿಯವರು ಕೇಳುವುದು ಬೇರೆ: ಅದೇ ಕಂಪನಿ, ಅದೇ ಗಲ್ಲಾಪೆಟ್ಟಿಗೆ, ಪಕ್ಕದ ಒಲೆಯಲ್ಲಿ ಅದೇ ಮಾಂಸ, ಇದರಲ್ಲಿ ಬದಲಾದದ್ದೇನು?

ನಾನು ಇದನ್ನು ಅಳಿಯನಿಗೂ ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಸ್ನಾನ ಮಾಡಿದ್ದಕ್ಕೆ ಅಳಿಸಿಹೋಗಿದ್ದ ಎಕ್ಸನ್ನು ಮತ್ತೆ ಬರೆದುಕೊಳ್ಳಲು ಮಾರ್ಕರ್ ಹುಡುಕುತ್ತಿದ್ದ.